ಖಾಲಿ ಹಾಳೆಯ ಸಾಕ್ಷಿ

ಮೊನ್ನೆ ಬ್ಯಾಂಕಿನಲ್ಲಿ ಕೌಂಟರಿನಾಕೆ ಅರ್ಜಿ ಚಾಚಿ, "ಮೇಡಂ, ಕೆಳಗೊಂದು ಸೈನ್ ಹಾಕ್ಬಿಡಿ, ಮಿಕ್ಕಿದ್ದು ನಾವೇ ತುಂಬ್ಕೋತೀವಿ" ಎಂದಳು. ನನ್ನ ಕೈ ನಿಂತಿತು. "ತುಂಬಿ ಕೊಡಿ, ಕಾಯ್ತೀನಿ" ಎಂದೆ. ಹಿಂದಿದ್ದವರು ಗೊಣಗಿದರು. ಅವರಿಗೆ ರತ್ನಮ್ಮನ ವಿಷಯ ಗೊತ್ತಿಲ್ಲ, ನಿಮಗೆ ಹೇಳುತ್ತೇನೆ.

ಚಾಮರಾಜಪೇಟೆಯ ನಮ್ಮ ರಸ್ತೆಯ ತಿರುವಿನಲ್ಲಿ ರತ್ನಮ್ಮ ಹೂ ಕಟ್ಟಿ ಮಾರುತ್ತಿದ್ದರು. ಮಾರ್ಕೆಟ್ಟಿನಿಂದ ಮಲ್ಲಿಗೆ ತಂದು, ನಾನು ಕೆಲಸಕ್ಕೆ ಹೊರಡುವಷ್ಟರಲ್ಲಿ ಮಾರುಗಟ್ಟಲೆ ಕಟ್ಟಿಟ್ಟಿರುತ್ತಿದ್ದರು. "ಅಷ್ಟುದ್ದ ಜಡೆ ಇಟ್ಕೊಂಡು ಒಂದು ಮೊಳಕ್ಕೂ ಬರಗಾಲಾನಾ?" ಎಂದು ಛೇಡಿಸುತ್ತಿದ್ದರು.

ಮೂರು ವರ್ಷದ ಹಿಂದೆ ಒಂದು ಬೆಳಗ್ಗೆ, ಫುಟ್‌ಪಾತ್ ಖಾಲಿ ಮಾಡಿಸಲು ಬಂದ ಪೇದೆಯೊಬ್ಬ ಅವರ ಬುಟ್ಟಿ ಎಳೆದ. ಅವರು ಬಿಡಲಿಲ್ಲ. ಆತ ಬಲ ಮಣಿಕಟ್ಟಿಗೆ ಲಾಠಿ ಬೀಸಿದ. ನಾನು ಹತ್ತಡಿ ದೂರದಲ್ಲಿದ್ದೆ.

ಮಧ್ಯಾಹ್ನ ಠಾಣೆಯ ದಫೇದಾರರು ನಮ್ಮ ಮನೆಗೇ ಬಂದರು. ರತ್ನಮ್ಮ ದೂರು ಕೊಟ್ಟಿದ್ದಾರೆ, ಸ್ಥಳ ಮಹಜರಿಗೆ ಸಾಕ್ಷಿ ಬೇಕಂತೆ. "ಓದಿದೋರು ನೀವು, ನಿಮ್ ಸೈನಿಗೆ ತೂಕ ಇರತ್ತೆ. ಠಾಣೇಲಿ ನೀಟಾಗಿ ಬರ್ಕೋತೀವಿ." ಹಾಳೆ ಖಾಲಿಯಿತ್ತು. ನಾನು ದಿನಸಿ ಚೀಟಿಯ ಕಾಗುಣಿತವನ್ನೂ ತಿದ್ದುವವಳು. ಖಾಲಿ ಹಾಳೆಯಲ್ಲಿ ಮಾತ್ರ ತಪ್ಪು ಕಾಣಲಿಲ್ಲ. ರತ್ನಮ್ಮನಿಗೆ ಒಳ್ಳೆಯದಾಗಲೆಂದು ಇಂಗ್ಲಿಷಿನಲ್ಲಿ ಅಂದವಾಗಿ ಸಹಿ ಹಾಕಿದೆ.

ಆಮೇಲೆ ಹಾಳೆ ತುಂಬಿತು: ಹೂ ಮಾರುವಾಕೆ ತಾನೇ ಕಾಲು ಜಾರಿ ಬಿದ್ದಳು, ಪೇದೆ ಎತ್ತಿ ಕೂರಿಸಿದ. ರತ್ನಮ್ಮನ ದೂರು ಅಲ್ಲಿಗೆ ಮುಗಿಯಿತು. "ನಿಮ್ಮದೇ ಸೈನಂತೆ ಕಣಮ್ಮಾ," ಎಂದರು ಅವರು, "ನನ್ ಹೆಬ್ಬೆಟ್ಟು ಯಾರಿಗ್ ಬೇಕು?" ಅವರ ಬಲಗೈ ಬೆರಳು ಮಡಚಲು ಬರುವುದಿಲ್ಲ, ಈಗ ಬಿಡಿಹೂ ಮಾರುತ್ತಾರೆ. ಪೇದೆ ಅದೇ ರಸ್ತೆಯಲ್ಲಿ ಬೈಕು ಓಡಿಸುತ್ತಾನೆ.

ಲಾಠಿ ಬೀಸಿದ್ದನ್ನು ಗಳಿಗೆಯ ಸಿಟ್ಟೆನ್ನೋಣ. ಆದರೆ ದಫೇದಾರರು ನಮ್ಮ ಜಗಲಿಯಲ್ಲಿ ಕೂತು, ನೀರು ಕೇಳಿ ಕುಡಿದು, ಅಷ್ಟು ವಿನಯದಿಂದ ಸುಳ್ಳಿಗೆ ಜಾಗ ಕಾದಿರಿಸಿದ್ದು? ಅದಕ್ಕೆ ಸಿಟ್ಟಿನ ನೆಪವೂ ಇಲ್ಲ. ನಾನೋ, ನಾಚಿಕೆಯಿಂದ ಮೂರು ವರ್ಷ ಪಕ್ಕದ ರಸ್ತೆಯಲ್ಲಿ ಓಡಾಡಿದೆ.

ಬ್ಯಾಂಕಿನಿಂದ ಬಂದವಳೇ ಕಂಡದ್ದನ್ನೆಲ್ಲ ಬರೆದೆ. ನಿನ್ನೆ ರತ್ನಮ್ಮನ ಜೊತೆ, ಪೊಲೀಸರ ಮೇಲಿನ ದೂರು ವಿಚಾರಿಸುವ ಕಚೇರಿಗೆ ಹೋದೆ.

"ಖಾಲಿ ಹಾಳೆಗೆ ಸೈನ್ ಮಾಡಿದ್ದು ನಿಮ್ ತಪ್ಪಲ್ವೇನಮ್ಮಾ?" ಎಂದರು ಅಧಿಕಾರಿ.

"ಹೌದು ಸಾರ್. ಮೊದಲನೇ ಸಾಲಲ್ಲೇ ಬರ್ದಿದೀನಿ."

"ಸರಿ, ಸೈನ್ ಹಾಕಿ ಕೊಟ್ಟು ಹೋಗಿ."

ರತ್ನಮ್ಮ ಎಡಗೈಯಿಂದ ನನ್ನ ಪೆನ್ನು ಹಿಡಿದರು. "ತಾಳಮ್ಮಾ. ಏನ್ ಬರ್ದಿದೀರ, ಮೊದ್ಲು ಓದಿ ಹೇಳಿ."

ಎಲ್ಲರೆದುರು ಗಟ್ಟಿಯಾಗಿ ಓದಿದೆ. ಅಧಿಕಾರಿ ಫ್ಯಾನು ನೋಡುತ್ತಿದ್ದರು. ಕೊನೆಯ ಸಾಲು ಮುಗಿದ ಮೇಲೆ ರತ್ನಮ್ಮ ಪೆನ್ನು ಬಿಟ್ಟರು.

"ಹೂಂ. ಈಗ ಹಾಕಿ."