ಬಿಸಿ ತಟ್ಟಿದ ಮೊಟ್ಟೆಗಳು

ರೇಷ್ಮೆಹುಳವೊಂದು ಮೇಡಂ ಕತ್ತು ಹತ್ತಿ ಕಿವಿಯ ಹಿಂದಕ್ಕೆ ಹೋಗುತ್ತಿತ್ತು. ಅವರ ಪಾಡಿಗೆ ಅವರು ನನಗೆ ಕಾಫಿ ಸೋಸುತ್ತಿದ್ದರು. ಮಂಡ್ಯದ ಕಾಲೇಜಿನಲ್ಲಿ ನಮಗೆ ಜೀವಶಾಸ್ತ್ರ ಕಲಿಸಿದವರು. ನಿವೃತ್ತರಾದ ಮೇಲೆ ಹಲಗೂರಿನ ಮನೆಯ ಹಿಂಗೋಣೆಯಲ್ಲಿ ಹುಳ ಸಾಕಿದ್ದರು, ಗೂಡು ಮಾರುವುದಕ್ಕಲ್ಲ, ನೋಡುವುದಕ್ಕೆ. ಆ ಮಬ್ಬಿನಲ್ಲಿ ಸೊಪ್ಪು ಮೇಯುವ ಸದ್ದು ಕೇಳಿದರೆ ನನಗಂತೂ ಮೈ ಜುಮ್ಮೆನ್ನುತ್ತಿತ್ತು.

ಒಂದು ಬೇಸಿಗೆ ಮೊಟ್ಟೆಗಳಿಗೆ ಬೇಕೆಂದೇ ಬಿಸಿ ತಟ್ಟಿಸಿದರು. ಹುಟ್ಟಿದ ಕೆಲವು ಹುಳಗಳಿಗೆ ಇರಬಾರದ ಕಡೆ ಕಾಲಿನ ಮೊಳಕೆ! ಅವು ಗೂಡೊಡೆದು ಚಿಟ್ಟೆಯಾದ ಮೇಲೆ ಅವನ್ನೇ ಕೂಡಿಸಿ ಸಂತತಿ ಮುಂದುವರಿಸಿದರು. ಬರಬರುತ್ತಾ ತಂಪಿನಲ್ಲಿಟ್ಟ ಮೊಟ್ಟೆಯಿಂದಲೂ ಅಂಥವೇ ಬಂದವು.

"ಇದೇನ್ ಮೇಡಂ, ಮಾಟ ಮಾಡ್ದಂಗೆ!"

"ಮಾಟ ಅಲ್ಲ ಕಣಮ್ಮ, ಮೊದ್ಲಿಂದ್ಲೂ ಒಳಗೇ ಇತ್ತು. ಜೀನುಗಳು ಒಂದನ್ನೊಂದು ಹಿಡ್ಕಂಡಿರ್ತವೆ. ಒಂದು ಎಡವಿದ್ರೆ ಇನ್ನೊಂದು ಎತ್ಕತದೆ, ಅದ್ಕೇ ಎಲ್ಲಾ ಒಂದೇ ತರ ಕಾಣೋದು. ಬಿಸಿ ತಟ್ಟಿದ್ರೆ ಹಿಡಿತ ಸಡಿಲಾಯ್ತದೆ, ಅಡಗಿದ್ದು ಆಚೆಗೆ ಬತ್ತದೆ."

ಮರುವರ್ಷ ನಾನು ಬಸುರಿ. ಎಳೆ ತಿಂಗಳಲ್ಲೇ ಕೆಂಡದಂಥ ಜ್ವರ ಬಂತು. ಕಣ್ಣು ಮುಚ್ಚಿದರೆ ಆ ಮೊಳಕೆಗಾಲುಗಳೇ. ಮದ್ದೂರಿನ ನಮ್ಮ ಮನೆಯಿಂದ ಬಸ್ಸು ಹತ್ತಿ ಮೇಡಂ ಬಳಿಗೆ ಓಡಿದೆ, "ನನ್ನ ಮಗೂಗೆ ಏನಾಯ್ತದೆ?" ಎಂದು ಗೋಗರೆದೆ. ಸಮಾಧಾನಕ್ಕಾದರೂ ಒಂದು ಸುಳ್ಳು ಹೇಳಬಾರದಿತ್ತೇ ಆಯಮ್ಮ?

"ಗೊತ್ತಿಲ್ಲ ಕಣಮ್ಮ. ಹುಟ್ಲಿ, ನೋಡವ."

ಸಿಟ್ಟು ನೆತ್ತಿಗೇರಿ, ಕಾಫಿ ಮುಟ್ಟದೆ ಎದ್ದುಬಂದೆ.

ಮಗಳು ಹುಟ್ಟಿದಳು. ಕಾಲ್ಬೆರಳುಗಳ ನಡುವೆ ತೆಳ್ಳನೆಯ ತೊಗಲು, ಬಾತುಕೋಳಿಗಿರುವ ಹಾಗೆ. "ಯಾರ್ಗೂ ತೋರಿಸ್ಬ್ಯಾಡ ಕಣಮ್ಮಿ" ಎಂದು ನಮ್ಮತ್ತೆ ಬಟ್ಟೆ ಎಳೆದು ಮುಚ್ಚಿದರು. ಎತ್ತಿಕೊಳ್ಳಲು ನನಗೆ ಹೆದರಿಕೆ.

ಸುದ್ದಿ ತಿಳಿದು ಮೇಡಂ ಬಂದರು. ಬಟ್ಟೆ ಸರಿಸಿ, ಆ ಪಾದವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಹೊಟ್ಟೇಲಿದ್ದಾಗ ಇದು ನಿಂಗೂ ಇತ್ತು, ನಂಗೂ ಇತ್ತು. ಹುಟ್ಟೋಕ್ ಮುಂಚೆ ಕರಗೋಯ್ತದೆ. ಇವ್ಳದು ಕರಗ್ಲಿಲ್ಲ, ಅಷ್ಟೇಯ. ಜ್ವರಕ್ಕೋ ಇನ್ಯಾತಕ್ಕೋ, ನಂಗೊತ್ತಿಲ್ಲ. ಎತ್ಕೊ, ಹಾಲು ಕೊಡು."

ನನ್ನ ಕಾಲ್ಬೆರಳ ಸಂದಿಗಳಲ್ಲಿ ಏನೋ ಹರಿದಾಡಿದಂತಾಯಿತು. ಎತ್ತಿಕೊಂಡೆ. ಆವತ್ತು ಅವರು ಬಾರದಿದ್ದರೆ ಇನ್ನೆಷ್ಟು ದಿನ ಹಾಗೇ ಮುಚ್ಚಿಟ್ಟಿರುತ್ತಿದ್ದೆನೋ.

ಕಳೆದ ಬೇಸಿಗೆಯಲ್ಲಿ ಮೇಡಂ ತೀರಿಕೊಂಡರು. ಮಗಳಿಗೆ ಆಗ ನಾಲ್ಕು ವರ್ಷ, ಕೈ ಹಿಡಿದು ಕರೆದೊಯ್ದಿದ್ದೆ. ಮೇಡಂ ಅವರನ್ನು ಜಗಲಿಯ ಮೇಲೆ ಮಲಗಿಸಿ, ಸಂಪ್ರದಾಯದಂತೆ ಕಾಲಿನ ಎರಡೂ ಹೆಬ್ಬೆರಳು ಸೇರಿಸಿ ಬಿಳಿ ಬಟ್ಟೆಯಲ್ಲಿ ಕಟ್ಟಿದ್ದರು. ಮಗಳು ಚಪ್ಪಲಿ ಬಿಟ್ಟು ಹತ್ತಿರ ಹೋಗಿ ಕುಕ್ಕರುಗಾಲಲ್ಲಿ ಕೂತಳು, ಆ ಕಟ್ಟನ್ನು ಮುಟ್ಟಿ ನೋಡಿದಳು.

"ಅಮ್ಮಾ, ಅಜ್ಜೀದೂ ನನ್ ತರಾನೇ ಅಂಟ್ಕಂಡದೆ!"

ಸುತ್ತಲಿನ ಅಳು ಗಕ್ಕನೆ ನಿಂತಿತು. ಯಾರೋ ಅವಳನ್ನು ಎಳೆದುಕೊಳ್ಳಲು ಬಂದರು.

"ಬುಡಿ, ಅಲ್ಲೇ ಇರ್ಲಿ" ಎಂದೆ.