ಬಾಯಮ್ಮ ಹತ್ತಿದ ಏರು

ಮೊನ್ನೆ, ಸೆಕೆ ಶುರುವಾಯಿತೆಂದು, ಕಾರಿನ ಎ.ಸಿ.ಯನ್ನು ಈ ವರ್ಷ ಮೊದಲ ಸಲ ಜೋರಾಗಿ ತಿರುಗಿಸಿದೆ. ಕಿಂಡಿಯಿಂದ ಒಂದಿಷ್ಟು ಧೂಳು ಹಾರಿ ಮುಖಕ್ಕೆ ಬಡಿಯಿತು. ಒಣ ಸುಣ್ಣದ, ಬಿಸಿಲಿಗೆ ಬೆಂದ ಕಲ್ಲಿನ ಪುಡಿಯ ವಾಸನೆ. ಕುವೈತಿನಲ್ಲಿ ಧೂಳಿಗೇನು ಬರಗಾಲ? ಮಂಗಫಿನ ನಮ್ಮ ಮನೆಯ ಕಿಟಕಿ ಸಂದಿಯಲ್ಲೇ ದಿನಾ ಬೇಕಾದಷ್ಟು ಸಿಗುತ್ತದೆ. ಆದರೆ ಅದು ಮರಳಿನದ್ದು, ಇದು ಕಲ್ಲಿನದ್ದು. ಈ ವಾಸನೆಯ ಧೂಳನ್ನು ನಾನು ಒಮ್ಮೆ ಮಾತ್ರ, ಮುತ್ಲಾದ ದಿಣ್ಣೆಯ ಮೇಲೆ, ಬಾಯಿ ತುಂಬ ತಿಂದಿದ್ದೆ. ತಿನ್ನಿಸಿದವರು ಎದುರು ಮನೆಯ ಬಾಯಮ್ಮ. ಅವರು ತೀರಿಹೋದ ಸುದ್ದಿ ಊರಿನಿಂದ ಬಂದು ಆಗ ನಾಲ್ಕೈದು ದಿನ ಆಗಿತ್ತಷ್ಟೆ. ಸಿಗ್ನಲ್ ಹಸಿರಾದರೂ ನಾನು ಹೊರಡಲಿಲ್ಲ. ಹಿಂದಿನವನು ಹಾರ್ನ್ ಮಾಡಿ, ಕೈ ಬೀಸಿ, ಯಲ್ಲಾ ಯಲ್ಲಾ ಎಂದು ಕೂಗಿದ.

ನಮ್ಮ ಉಡುಪಿ, ಮಂಗಳೂರು ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಬಾಯಮ್ಮ ಎಂದೂ ಗಂಡಸರನ್ನು ಪೊರ್ಬು ಎಂದೂ ಕರೆಯುವುದು ರೂಢಿ. ಹಾಗಾಗಿ ಅವರು ನಮಗೆ ಬಾಯಮ್ಮ, ಅವರ ಗಂಡ ಪೊರ್ಬುಗಳು. ಬಾಯಮ್ಮನಿಗೆ ಜಾಬ್ರಿಯಾದ ಆಸ್ಪತ್ರೆಯೊಂದರಲ್ಲಿ ನರ್ಸ್ ಕೆಲಸ, ಪೊರ್ಬುಗಳಿಗೆ ಅಹ್ಮದಿಯಲ್ಲಿ ಎಣ್ಣೆ ಕಂಪನಿಯ ಕೆಲಸ. ಮನೆಯೊಳಗೆ ಕೊಂಕಣಿ, ನನ್ನ ಹೆಂಡತಿಯ ಹತ್ತಿರ ತುಳು, ನನ್ನ ಹತ್ತಿರ ಮಾತ್ರ ಯಾಕೋ ಕನ್ನಡ. ಮಕ್ಕಳಿರಲಿಲ್ಲ. ಒಂದು ಹಳೆಯ ಫೋರ್-ವೀಲ್ ಜೀಪಿತ್ತು, ಬಣ್ಣ ಇಂಥದ್ದೇ ಎಂದು ಹೇಳುವ ಕಾಲ ಎಂದೋ ಮುಗಿದಿತ್ತು.

ಚಳಿಗಾಲ ಬಂತೆಂದರೆ ಇಲ್ಲಿ ಊರಿಗೆ ಊರೇ ಮರಳುಗಾಡಿಗೆ ಹೋಗುತ್ತದೆ. ನಾವೂ ಹೋಗುತ್ತಿದ್ದೆವು, ಹೋಗುತ್ತಿದ್ದೆವು ಎಂದು ಹೇಳಲು ನಾಚಿಕೆ! ಡಾಂಬರು ರಸ್ತೆಯಿಂದ ಕಲ್ಲೆಸೆತದ ದೂರದಲ್ಲಿ ಚಾಪೆ ಹಾಸಿ, ಕೋಳಿ ಸುಕ್ಕ ತಿಂದು, ತಣ್ಣಗಾದ ನೀರುದೋಸೆಗೆ ಬೈದು, ಅಂತ್ಯಾಕ್ಷರಿ ಆಡಿ ವಾಪಸು. ಬಾಯಮ್ಮ ಮತ್ತು ಪೊರ್ಬುಗಳದ್ದು ಬೇರೆಯೇ ದಾರಿ. ಇಲ್ಲಿ ರಜೆ ಶುಕ್ರವಾರವಾದ್ದರಿಂದ ಆದಿತ್ಯವಾರದ ಪೂಜೆಯೂ ಶುಕ್ರವಾರವೇ. ಇಗರ್ಜಿಯಲ್ಲಿ ಬೆಳಗಿನ ಪೂಜೆ ಮುಗಿಸಿ, ಅದೇ ಇಸ್ತ್ರಿ ಬಟ್ಟೆಯಲ್ಲಿ ಜಹ್ರಾ ದಾಟಿ, ಮುತ್ಲಾದ ಕಲ್ಲು ದಿಣ್ಣೆಗೆ ಹೋಗುತ್ತಿದ್ದರು. ಈ ಚಪ್ಪಟೆ ದೇಶದಲ್ಲಿ ಗುಡ್ಡ ಎಂದು ಕರೆಯಬಹುದಾದದ್ದು ಅದೊಂದೇ. ಮೇಲಿನಿಂದ ಕೊಲ್ಲಿಯ ನೀರು, ಆಚೆಗೆ ಸಿಟಿಯ ಕಟ್ಟಡಗಳು ಮಸುಕಾಗಿ ಕಾಣುತ್ತವೆ.

ಆ ದಾರಿಯ ಕೊನೆಯಲ್ಲಿ ಬಂಡೆಯದೇ ಒಂದು ಕಡಿದಾದ ಏರು. ಗಾಲಿಯ ಅರ್ಧದಷ್ಟು ಎತ್ತರದ ಮೆಟ್ಟಿಲು ಒಂದು, ಅದರ ಮೇಲೆ ಜಾರುವ ಜಲ್ಲಿ. ಅಲ್ಲಿಗೆ ಬಂದ ತಕ್ಷಣ ಪೊರ್ಬುಗಳು ಗಾಡಿ ನಿಲ್ಲಿಸಿ, “ಇಳಿ, ನಡ್ಕೊಂಡು ಬಾ” ಎನ್ನುತ್ತಿದ್ದರಂತೆ. ಗಾಡಿ ಮಗುಚಿದರೆ ಒಬ್ಬರೇ ಹೋಗಲಿ ಎಂಬ ಲೆಕ್ಕ. ಬಾಯಮ್ಮ ಇಳಿದು, ಪೂಜೆಗೆ ಹಾಕಿದ್ದ ಚಪ್ಪಲಿಯಲ್ಲೇ ಕಲ್ಲು ಹಿಡಿದು ಹತ್ತಬೇಕು. ಏದುಸಿರು ಬಿಡುತ್ತ ಮೇಲೆ ತಲುಪುವಾಗ ಪೊರ್ಬುಗಳು ಬಾನೆಟ್ ಮೇಲೆ ಕೂತು ಫ್ಲಾಸ್ಕಿನ ಚಾ ಅರ್ಧ ಮುಗಿಸಿರುತ್ತಿದ್ದರು. “ಮದುವೆಯಾಗಿ ಬಂದ ವರ್ಷದಿಂದ ಇದೇ ಕತೆ. ಒಂದು ಸಲ ಆದ್ರೂ ಕೂತುಕೊಂಡು ಮೇಲೆ ಹೋಗ್ಲಿಲ್ಲ ನಾನು” ಎಂದು ನಮ್ಮ ಮನೆಯ ಸೋಫಾದಲ್ಲಿ ಕೂತು ಗಂಡನ ಎದುರಿಗೇ ದೂರುತ್ತಿದ್ದರು. ಪೊರ್ಬುಗಳು ನಗುತ್ತಿದ್ದರು.

ಆಮೇಲೆ ಒಂದು ಬೇಸಿಗೆಯಲ್ಲಿ, ಡ್ಯೂಟಿಯಿಂದ ಬಂದು ಬೂಟು ಬಿಚ್ಚುತ್ತಿದ್ದ ಪೊರ್ಬುಗಳು ಹಾಗೆಯೇ ಒರಗಿದರು, ಮತ್ತೆ ಏಳಲಿಲ್ಲ... ಆ ದಿನದ ಬಗ್ಗೆ ಬರೆಯಲು ನನಗೆ ಇಷ್ಟವಿಲ್ಲ. ಜೀಪನ್ನು ಬಾಯಮ್ಮ ಮಾರಲಿಲ್ಲ. ಅದರಲ್ಲೇ ಜಾಬ್ರಿಯಾಕ್ಕೆ ಡ್ಯೂಟಿಗೆ ಹೋಗಿ ಬಂದರು. ಡಾಂಬರು ಬಿಟ್ಟು ಮಾತ್ರ ಇಳಿಸಲಿಲ್ಲ.

ಅವರು ನಿವೃತ್ತರಾಗುವ ಹೊತ್ತಿಗೆ ಮತ್ತೆ ಚಳಿಗಾಲ. ಇಲ್ಲಿ ಕೆಲಸ ಮುಗಿದರೆ ಇಕಾಮಾ, ಅಂದರೆ ಇಲ್ಲಿ ವಾಸಿಸುವ ಪರವಾನಗಿ, ಮುಗಿಯಿತು. ಇಕಾಮಾ ಮುಗಿದರೆ ಡ್ರೈವಿಂಗ್ ಲೈಸೆನ್ಸೂ ಮುಗಿಯಿತು. ಜೀಪಿಗೆ ಗಿರಾಕಿ ಸಿಕ್ಕಿ, ಶನಿವಾರ ಬಂದು ಒಯ್ಯುವುದೆಂದು ಮಾತಾಗಿತ್ತು. ಗುರುವಾರ ಸಂಜೆ ಬಾಯಮ್ಮ ನಮ್ಮ ಬಾಗಿಲು ತಟ್ಟಿದರು.

“ನಾಳೆ ಮುತ್ಲಾಕ್ಕೆ ಹೋಗುವ. ಆ ಏರು ನಾನೇ ಹತ್ತಿಸ್ಬೇಕು. ಶನಿವಾರ ಖಲಾಸ್, ಮತ್ತೆ ಈ ಜನ್ಮದಲ್ಲಿ ಇಲ್ಲ.”

“ಹೋಗಿ ಬನ್ನಿ ಬಾಯಮ್ಮ” ಎಂದೆ, ನನಗೇನು ಸಂಬಂಧ ಎಂಬ ಧಾಟಿಯಲ್ಲಿ.

“ಎಂತ ಹೋಗಿ ಬನ್ನಿ? ಕಲ್ಲಿನ ದಾರಿಗೆ ಒಂಟಿ ಗಾಡಿ ಹೋಗ್ಬಾರ್ದು. ಎರಡು ಬೇಕು. ನಿನ್ನದು ಫೋರ್-ವೀಲ್ ಉಂಟಲ್ಲ?”

ಉಂಟು. ಕುವೈತಿನ ನಮ್ಮವರೆಲ್ಲರ ಹಾಗೆ ನಾನೂ ಸಾಲ ಮಾಡಿ ಒಂದು ದೊಡ್ಡ ಫೋರ್-ವೀಲ್ ಗಾಡಿ ಕೊಂಡಿದ್ದೆ. ಕೊಂಡ ದಿನದಿಂದ ಅದು ನೋಡಿದ್ದು ಆಫೀಸು, ಇಂಡಿಯನ್ ಅಂಗಡಿ, ಮಕ್ಕಳ ಶಾಲೆ. ಫೋರ್-ವೀಲ್ ಹಾಕುವ ಗುಂಡಿ ಎಲ್ಲಿದೆಯೆಂದು ಕೇಳಿದ್ದರೆ ನಾನು ಹುಡುಕಬೇಕಿತ್ತು. ಸೀಟಿನ ಪ್ಲಾಸ್ಟಿಕ್ ಕವರನ್ನೂ ತೆಗೆದಿರಲಿಲ್ಲ, ಮಾರುವಾಗ ಒಳ್ಳೆ ರೇಟು ಸಿಗಲಿ ಎಂದು. ಬೇಸಿಗೆಯಲ್ಲಿ ಮಕ್ಕಳ ತೊಡೆ ಅಂಟಿಕೊಂಡು ಅವರು ‘ಡ್ಯಾಡ್, ಪ್ಲೀಸ್’ ಎಂದು ಗೋಗರೆದರೂ ತೆಗೆದಿರಲಿಲ್ಲ. ಅಂಥ ಗಾಡಿಯನ್ನು ಕಲ್ಲಿಗೆ ಇಳಿಸುವುದೇ? ಬಂಪರು, ಪೇಂಟು, ಟಯರು ಎಂದು ನಾನು ಒಂದೊಂದೇ ನೆಪ ಹೇಳುತ್ತಿದ್ದಂತೆ ಬಾಯಮ್ಮ ಸೀದಾ ಒಳಗೆ ನನ್ನ ಹೆಂಡತಿಯ ಹತ್ತಿರ ಹೋದರು. ತುಳುವಿನಲ್ಲಿ ಏನು ಮಾತಾಯಿತೋ, ಹೆಂಡತಿ ಹೊರಗೆ ಬಂದವಳೇ, “ನಾಳೆ ಹೋಗ್ತಾರೆ ಬಾಯಮ್ಮ, ನೀವು ಧೈರ್ಯದಲ್ಲಿರಿ” ಎಂದಳು. ನಮ್ಮ ಮನೆಯಲ್ಲಿ ಅಪೀಲಿಗೆ ಅವಕಾಶವಿಲ್ಲ.

ಮರುದಿನ ಪೂಜೆ ಮುಗಿಸಿ ಬಂದ ಬಾಯಮ್ಮನ ಹಿಂದೆ ನಾನು ಹೊರಟೆ. ಜಹ್ರಾ ದಾಟಿ, ಡಾಂಬರು ಮುಗಿಯುವಲ್ಲಿ ಇಬ್ಬರೂ ನಿಲ್ಲಿಸಿ ಟಯರಿನ ಗಾಳಿ ಸ್ವಲ್ಪ ಇಳಿಸಿದೆವು. ಅವರದ್ದು ಒಂದೇ ಕಟ್ಟಪ್ಪಣೆ: “ಹಳೇ ಗಾಲಿಯ ಗುರುತು ಬಿಟ್ಟು ಒಂದು ಮೊಳವೂ ಆಚೆ ಹೋಗ್ಬೇಡ. ಯುದ್ಧದ ಕಾಲದ್ದು ಮಣ್ಣಲ್ಲಿ ಎಂತೆಂತದೋ ಉಂಟು.” ಅಷ್ಟು ಹೇಳಿದ್ದೇ ಸಾಕಾಯಿತು, ಜೀಪಿನ ಗಾಲಿಯ ಗುರುತಿನ ಮೇಲೆಯೇ ನನ್ನ ಗಾಲಿ ಇಡುತ್ತ ಹೋದೆ. ಮೊದಲು ಗಟ್ಟಿ ನೆಲ, ಆಮೇಲೆ ಒಣಗಿದ ಹಳ್ಳದ ಪಾತ್ರ, ಆಮೇಲೆ ಬರೀ ಕಲ್ಲು. ಕಂದು, ಬೂದು, ಅಲ್ಲಲ್ಲಿ ಬಿಳಿ. ಒಂದೊಂದು ಕಲ್ಲು ಗಾಡಿಯ ಹೊಟ್ಟೆಗೆ ತಾಗಿದಾಗಲೂ ನನ್ನ ಹೊಟ್ಟೆಗೇ ತಾಗಿದ ಹಾಗೆ ನಾನು ಅಯ್ಯೋ ದೇವರೇ ಎನ್ನುತ್ತಿದ್ದೆ. ಜೀಪು ಎಬ್ಬಿಸಿದ ಧೂಳೆಲ್ಲ ನನಗೇ. ಬಾಯಮ್ಮ ಮಾತ್ರ ನಿಧಾನವಾಗಿ, ಡ್ಯೂಟಿಗೆ ಹೋಗುವ ಹಾಗೆಯೇ ಹೋಗುತ್ತಿದ್ದರು. ಆ ದಾರಿಯಲ್ಲಿ ಮಾತಿಲ್ಲ, ಮನುಷ್ಯರಿಲ್ಲ, ಗಾಳಿಯೂ ಇರಲಿಲ್ಲ. ಆಕಾಶ ಅಷ್ಟು ತಿಳಿಯಾಗಿದ್ದದ್ದನ್ನು ನಾನು ಕುವೈತಿನಲ್ಲಿ ಮತ್ತೆ ನೋಡಿಲ್ಲ...

ಏರಿನ ಬುಡಕ್ಕೆ ಬಂದೆವು. ನೋಡಿದ ತಕ್ಷಣ ನನ್ನ ಬಾಯಿಂದ ಬಂದ ಮಾತು, “ಬಾಯಮ್ಮ, ನೀವು ಇಳಿಯಿರಿ. ನಾನು ಹೇಗಾದ್ರೂ ಹತ್ತಿಸ್ತೇನೆ. ನೀವು ನಡ್ಕೊಂಡು ಬನ್ನಿ.”

ಅವರು ನನ್ನನ್ನು ಒಂದು ನೋಟ ನೋಡಿದರು. ಆಸ್ಪತ್ರೆಯಲ್ಲಿ ಸೂಜಿ ಬೇಡ ಎಂದು ಹಟ ಮಾಡುವವರನ್ನು ಹಾಗೆ ನೋಡುತ್ತಿದ್ದರೋ ಏನೋ. “ನೀನೂ ಅದನ್ನೇ ಹೇಳ್ತೀಯಾ?” ಎಂದಷ್ಟೇ ಕೇಳಿ, ಶಿಲುಬೆಯ ಗುರುತು ಮಾಡಿಕೊಂಡು ಗೇರ್ ಹಾಕಿದರು.

ಮೊದಲ ಸಲ ಮುಂದಿನ ಗಾಲಿ ಮೆಟ್ಟಿಲು ಏರಿತು, ಅಷ್ಟರಲ್ಲಿ ಹೆದರಿ ಬ್ರೇಕ್ ಒತ್ತಿಬಿಟ್ಟರು. ಜೀಪು ಜಾರಿ ಕೆಳಗೆ ಬಂತು. ಎರಡನೆಯ ಸಲ ಸಿಟ್ಟಿನಲ್ಲಿ ಆಕ್ಸಿಲರೇಟರ್ ತುಳಿದರು. ಜಲ್ಲಿ ಹಿಂದೆ ನಿಂತಿದ್ದ ನನ್ನ ಗಾಡಿಯ ಕಡೆಗೇ ಸಿಡಿಯಿತು, ಗಾಡಿ ಇದ್ದಲ್ಲೇ ಕುಣಿಯಿತು. ನಾನು ಇಳಿದು, ಏರಿನ ಅರ್ಧಕ್ಕೆ ಹತ್ತಿ ನಿಂತು ಎಡಕ್ಕೆ ಬಲಕ್ಕೆ ಎಂದು ಟ್ರಾಫಿಕ್ ಪೊಲೀಸನ ಹಾಗೆ ಕೈ ಆಡಿಸುತ್ತಿದ್ದೆ. “ನೀನು ಬದಿಗೆ ನಿಲ್ಲು ಮಾರಾಯ, ನಿನ್ನ ಮುಖ ನೋಡಿದ್ರೇ ನಂಗೆ ಹೆದರಿಕೆ ಆಗ್ತದೆ” ಎಂದು ಕಿಟಕಿಯಿಂದ ಗದರಿದರು. ಕೆಳಗೆ ಬಂದು ಬದಿಗೆ ನಿಂತೆ.

ಅವರು ಎಂಜಿನ್ ಆರಿಸಿ ಇಳಿದರು. ಮುಗಿಯಿತು, ಇನ್ನು ವಾಪಸು ಎಂದುಕೊಂಡೆ. ನನ್ನ ಗಾಡಿ ಉಳಿಯಿತೆಂದು ಒಳಗೊಳಗೇ ಖುಷಿಯೂ ಆಯಿತು. ಆದರೆ ಬಾಯಮ್ಮ ಕಾಲ್ನಡಿಗೆಯಲ್ಲಿ ಏರನ್ನು ಹತ್ತತೊಡಗಿದರು. ಪ್ರತಿ ವರ್ಷ ಹತ್ತುತ್ತಿದ್ದ ಹಾಗೆಯೇ, ಒಂದು ಕೈಯನ್ನು ಕಲ್ಲಿನ ಮೇಲೆ ಊರಿ, ನಿಂತು, ಉಸಿರು ತೆಗೆದು. ಯಾವ ಕಲ್ಲು ಅಲ್ಲಾಡುತ್ತದೆ, ಯಾವುದು ಗಟ್ಟಿ ಎಂದು ಅವರ ಕಾಲಿಗೆ ಗೊತ್ತಿತ್ತು. ಅರ್ಧ ಹೋಗಿ ಇಳಿದು ಬಂದವರು ಎರಡು ಚಪ್ಪಟೆ ಕಲ್ಲು ತೋರಿಸಿ, “ಇದನ್ನು ಅಲ್ಲಿ ಮೆಟ್ಟಿಲಿನ ಬುಡಕ್ಕೆ ಇಡು” ಎಂದರು. ಹೊತ್ತು ಇಟ್ಟೆ. ಬೆನ್ನು ಇವತ್ತಿಗೂ ಅದನ್ನು ಮರೆತಿಲ್ಲ.

ಮೂರನೆಯ ಸಲ ಜೀಪು ಬೇರೆಯೇ ದಾರಿ ಹಿಡಿಯಿತು. ಪೊರ್ಬುಗಳ ಗಾಲಿಯ ಗುರುತಿನ ಮೇಲಲ್ಲ, ಬಾಯಮ್ಮನ ಕಾಲು ನಡೆದ ಕಲ್ಲುಗಳ ಮೇಲೆ. ಎಡಗಾಲಿ ಕಲ್ಲು ಹತ್ತಿತು, ಬಲಗಾಲಿ ಹತ್ತಿತು, ಒಂದು ಕ್ಷಣ ಜೀಪು ವಾಲಿತು, ನಾನು ಕಣ್ಣು ಮುಚ್ಚಿದೆ. ಕಣ್ಣು ಬಿಟ್ಟರೆ ಅದು ಮೇಲಿತ್ತು.

ನಾನು ನಡೆದುಕೊಂಡೇ ಹತ್ತಿದೆ. ತೇಕುತ್ತ ತಲುಪಿದಾಗ ಅವರು ಇಳಿದಿರಲಿಲ್ಲ. ಸ್ಟಿಯರಿಂಗಿನ ಮೇಲೆ ಎರಡೂ ಕೈ ಇಟ್ಟು, ಬಂದ ಏರನ್ನೇ ಕನ್ನಡಿಯಲ್ಲಿ ನೋಡುತ್ತಿದ್ದರು.

“ಇಷ್ಟೇಯಾ?” ಎಂದರು.

ನನಗೆ ಅರ್ಥವಾಗಲಿಲ್ಲ.

“ಇಷ್ಟಕ್ಕೆ ನನ್ನನ್ನು ಇಷ್ಟು ವರ್ಷ ನಡೆಸಿದ್ದಾ ಈ ಮನುಷ್ಯ? ಇದೇನು ದೊಡ್ಡ ಘಾಟಿಯಾ?” ಎಂದು ಮೊದಲು ನಕ್ಕರು. ಆಮೇಲೆ ಸಿಟ್ಟು ಬಂತು. ಕೊಂಕಣಿಯಲ್ಲಿ ಗಂಡನಿಗೆ ಏನೇನೋ ಬೈದರು, ಕೈಯಿಂದ ಸ್ಟಿಯರಿಂಗಿಗೆ ಒಂದು ಬಡಿದರು. ಬೈಯುತ್ತ ಬೈಯುತ್ತಲೇ ದನಿ ಒಡೆಯಿತು. “ಕೇಳುವ ಅಂದ್ರೆ ಈಗ ಆ ಜನವೇ ಇಲ್ವಲ್ಲ” ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಜೀಪಿನಲ್ಲಿದ್ದ ಫ್ಲಾಸ್ಕು ತೆಗೆದು ಚಾ ಬಗ್ಗಿಸಿ ಕೊಟ್ಟೆ. ಆಚೆ ಕೊಲ್ಲಿಯ ನೀರು ಬೆಳ್ಳಗೆ ಹೊಳೆಯುತ್ತಿತ್ತು. ಇಬ್ಬರೂ ಚಾ ಮುಗಿಸಿದೆವು. ಗುಡ್ಡ ಇಳಿಯುವ ಮೊದಲು, “ಅಪ್ಪಿತಪ್ಪಿ ಯಾರಿಗೂ ಹೇಳ್ಬೇಡ, ಅಷ್ಟು ಸುಲಭ ಅಂತ” ಎಂದರು. ತಮಾಷೆ ಎಂದುಕೊಂಡು ನಕ್ಕೆ.

ಆ ವಾರವೇ ಅವರು ಮಂಗಳೂರು ಸೇರಿದರು, ತಂಗಿಯ ಮನೆಯ ಹತ್ತಿರದ ಫ್ಲ್ಯಾಟಿಗೆ. ಕ್ರಿಸ್‌ಮಸ್ಸಿಗೆ ಅವರು, ದೀಪಾವಳಿಗೆ ನಾವು ಫೋನ್ ಮಾಡುವುದು ನಡೆದಿತ್ತು. ಕಡೆಯ ಸಲ ಮಾತಾಡಿದಾಗ ದನಿ ಸಣ್ಣದಾಗಿತ್ತು, ಆದರೂ ಬೈಗುಳಕ್ಕೆ ಕಡಿಮೆ ಇರಲಿಲ್ಲ...

ಸುದ್ದಿ ಬಂದ ಮೇಲೂ ತಂಗಿಗೆ ಫೋನ್ ಮಾಡಲು ನನಗೆ ಧೈರ್ಯ ಬಂದಿರಲಿಲ್ಲ. ಆ ಧೂಳು ಮುಖಕ್ಕೆ ಬಡಿದ ದಿನ ಸಂಜೆ ಕೊನೆಗೂ ಮಾಡಿದೆ. ಅವರೇ ಮಾತಾಡಿದರು. ಕೊನೆಯ ದಿನಗಳಲ್ಲಿ ಅಕ್ಕನಿಗೆ ನೋವೇನೂ ಇರಲಿಲ್ಲವಂತೆ. ಆಮೇಲೆ ಹೇಳಿದರು:

“ಕುವೈತಿನ ಆ ಗುಡ್ಡದ ಕತೆ ಮಾತ್ರ ದಿನಾ ಇತ್ತು ನೋಡಿ. ನನ್ನ ಮಕ್ಕಳು, ಮೊಮ್ಮಕ್ಕಳು, ನೋಡ್ಲಿಕ್ಕೆ ಬಂದವರು, ಎಲ್ಲರಿಗೂ ಅದೇ. ಅಂಥ ಏರು ಎಲ್ಲೂ ಇಲ್ವಂತೆ. ಭಾವನನ್ನು ಬಿಟ್ರೆ ಬೇರೆ ಯಾರಿಂದಲೂ ಅಲ್ಲಿ ಗಾಡಿ ಹತ್ತಿಸ್ಲಿಕ್ಕೆ ಆಗ್ತಿರ್ಲಿಲ್ವಂತೆ. ‘ನನ್ನ ಜೀವಕ್ಕೆ ಹೆದರಿ ನನ್ನನ್ನು ನಡೆಸ್ತಿದ್ರು, ಅಂಥ ಮನುಷ್ಯ’ ಅಂತ ಹೇಳಿ ಹೇಳಿ ಕಣ್ಣಲ್ಲಿ ನೀರು ಹಾಕ್ತಿದ್ರು. ನೀವೂ ನೋಡಿದ್ದೀರಂತಲ್ಲ, ಹೌದಾ? ಅಷ್ಟು ಕಷ್ಟ ಉಂಟಾ ಅದು?”

ಬಾಯಮ್ಮ ‘ಯಾರಿಗೂ ಹೇಳ್ಬೇಡ’ ಎಂದದ್ದು ನೆನಪಾಯಿತು.

“ಹೌದಕ್ಕ” ಎಂದೆ. “ತುಂಬ ಕಷ್ಟದ ಏರು ಅದು. ಪೊರ್ಬುಗಳಿಂದ ಮಾತ್ರ ಆಗುವಂಥದ್ದು.”

ಫೋನಿಟ್ಟ ಮೇಲೆ ಅತ್ತುಬಿಟ್ಟೆ.