ಸಣ್ಣ ಕೋಣೆಯಲ್ಲಿ ಎರಡನೆಯ ಹಾಸಿಗೆ

ಅರವತ್ತರ ದಶಕದ ನಡುವಿನಲ್ಲಿ ನಮ್ಮ ಕಡೆ ಮಕ್ಕಳಿಗೆ ಬೇರೆ ಕೋಣೆ ಎನ್ನುವ ಸಂಗತಿಯೇ ಇರಲಿಲ್ಲ. ಮಕ್ಕಳು ನಿದ್ದೆ ಬಂದಲ್ಲಿ ಬೀಳುತ್ತಿದ್ದವು, ದೊಡ್ಡವರು ಎತ್ತಿ ಚಾಪೆಗೆ ಹಾಕುತ್ತಿದ್ದರು. ನನಗೆ ಮಾತ್ರ ಒಂದು ಕೋಣೆ ಇತ್ತು. ಬೊಂಬಾಯಿಯಲ್ಲಿ ಹೋಟೆಲೊಂದರ ಗಲ್ಲಾದಲ್ಲಿ ಕೂರುತ್ತಿದ್ದ ನನ್ನ ಅಪ್ಪ ಅಲ್ಲಿ ಯಾವುದೋ ಸೇಟಿನ ಮನೆಯಲ್ಲಿ ಮಗಳ ಕೋಣೆ ನೋಡಿ ಬಂದು, ತನ್ನ ಮಗಳಿಗೂ ಒಂದು ಆಗಲೇಬೇಕು ಎಂದು ಹಠ ಹಿಡಿದಿದ್ದರು. ಚಾವಡಿಯ ಪಕ್ಕದಲ್ಲಿ ಹಳೆ ಹಗ್ಗ, ಮುರಿದ ನೊಗ, ತೆಂಗಿನಕಾಯಿ ತುಂಬುತ್ತಿದ್ದ ಒಂದು ಕತ್ತಲೆ ಕೋಣೆ ಇತ್ತು. ಅದನ್ನೇ ತೆರವು ಮಾಡಿ, ಸುಣ್ಣ ಬಳಿಸಿ, ಹಲಸಿನ ಮರದ ಮಂಚವೊಂದನ್ನು ಮಾಡಿಸಿ ಹಾಕಿ ಅಪ್ಪ ಬೊಂಬಾಯಿಗೆ ವಾಪಸು ಹೋದರು. ಸಾಬೂನು ತುಂಬಿ ಬರುತ್ತಿದ್ದ ಮರದ ಪೆಟ್ಟಿಗೆಯನ್ನು ಬೋರಲು ಹಾಕಿದರೆ ಅದೇ ನನ್ನ ಮೇಜು. ಕಿಟಕಿಯ ಕೆಳಗೆ ಇನ್ನೊಬ್ಬರು ಮಲಗುವಷ್ಟು ನೆಲ ಖಾಲಿ ಉಳಿದಿತ್ತು. ಮುಂದೆ ಆದದ್ದೆಲ್ಲ ಆ ನೆಲದ ಸಲುವಾಗಿ.

ಕುಂಭಾಶಿಯಿಂದ ಕುಂದಾಪುರಕ್ಕೆ ಹೋಗುವ ದಾರಿಯಲ್ಲಿ ನಮ್ಮ ಮನೆ. ಅಳಿಯಸಂತಾನದ ಮನೆ. ಅಂದರೆ ಆಸ್ತಿ ತಾಯಿಯಿಂದ ಮಗಳಿಗೆ, ಮಗಳಿಂದ ಅವಳ ಮಕ್ಕಳಿಗೆ ಇಳಿಯುವುದು. ಯಜಮಾನಿಕೆ ಮಾತ್ರ ಮಗನದು. ನನ್ನ ಅಮ್ಮನ ಅಣ್ಣ, ನಮ್ಮ ಮಾವ, ಆ ಯಜಮಾನ. ಗದ್ದೆ ಅವರೇ ಮಾಡಿಸಬೇಕು, ಕೋರ್ಟು ಕಚೇರಿ ಅವರೇ ಅಲೆಯಬೇಕು. ಆದರೆ ಅವರ ಹೆಂಡತಿ ಮಕ್ಕಳು ಇರುವುದು ಆ ಹೆಂಡತಿಯ ತಾಯಿಮನೆಯಲ್ಲಿ, ಬೈಂದೂರಿನಾಚೆ ಒಂದು ಒಳ ಹಳ್ಳಿಯಲ್ಲಿ. ಮಾವ ಶನಿವಾರ ಬಸ್ಸು ಹತ್ತಿ ಹೋಗಿ ಅವರನ್ನು ನೋಡಿಕೊಂಡು ಸೋಮವಾರ ಬಂದು ನಮ್ಮ ಗದ್ದೆಗೆ ಇಳಿಯುತ್ತಿದ್ದರು. ಹಿಂದಿನಿಂದ ನಡೆದು ಬಂದದ್ದು ಹಾಗೆ, ಯಾರಿಗೂ ತಕರಾರಿರಲಿಲ್ಲ. ಅಷ್ಟರಲ್ಲಿ ಹೊಸ ಕಾನೂನು ಬಂದಿದೆಯಂತೆ, ಗಂಡಸಿನ ಪಾಲು ಇನ್ನು ಅವನ ಹೆಂಡತಿ ಮಕ್ಕಳಿಗೂ ಹೋಗುತ್ತದಂತೆ ಎಂದು ಯಾರೋ ಪುಣ್ಯಾತ್ಮರು ಅಜ್ಜಿಯ ಕಿವಿ ಊದಿದರು. ಅಂದಿನಿಂದ ಅಜ್ಜಿಗೆ ಹೊಟ್ಟೆಯಲ್ಲಿ ಹುಟ್ಟಿದ ಮಗನ ಮಕ್ಕಳೆಂದರೆ ಬೇಲಿ ಹಾರಲು ಹೊಂಚುವ ದನಗಳ ಹಾಗೆ.

ಮಾವನ ಮಗಳು ನನ್ನ ಓರಗೆಯವಳು. ಅವಳ ಊರಿನ ಶಾಲೆ ಏಳನೇ ಕ್ಲಾಸಿಗೆ ಮುಗಿಯುತ್ತಿತ್ತು. ಮುಂದೆ ಓದಬೇಕಾದರೆ ನಮ್ಮ ಮನೆಯಲ್ಲಿದ್ದು ನನ್ನ ಜೊತೆ ಕುಂದಾಪುರದ ಹೈಸ್ಕೂಲಿಗೆ ನಡೆಯಬೇಕು. ಇಲ್ಲವಾದರೆ ತಾಯಿಮನೆಯಲ್ಲಿ ಸೊಪ್ಪು ಹೊರುತ್ತಾ ಮದುವೆಯಾಗುವವರೆಗೆ ದಿನ ದೂಡಬೇಕು. ಓದಿನಲ್ಲಿ ಅವಳು ನನ್ನನ್ನು ಸಂತೆಯಲ್ಲಿ ಮಾರಿ ಬರುವಷ್ಟು ಚುರುಕು. ಮಳೆಗಾಲ ಶುರುವಾಗುವ ಹೊತ್ತಿಗೆ ಮಾವ ಒಂದು ಚಾಪೆ, ಒಂದು ಬಟ್ಟೆಚೀಲದ ಸಮೇತ ಅವಳನ್ನು ಕರೆತಂದು ಚಾವಡಿಯಲ್ಲಿ ನಿಲ್ಲಿಸಿದರು.

"ಅಬ್ಬಿ, ಇದ್ ಇಲ್ಲೇ ಇದ್ಕಂಡ್ ಶಾಲಿಗೆ ಹೋಯ್ಲಿ. ಹೆಣ್ಣಿನ ಕೋಣಿಯಗೆ ಒಂದ್ ಚಾಪಿ ಹಾಸುಕೆ ಜಾಗ ಇತ್ತಲ್ದಾ?" ಎಂದು ತಾಯಿಯನ್ನು ಕೇಳಿದರು.

"ಜಾಗ ಇದ್ರೆ ಇರ್ಲಿ ಮಗಾ. ನಾ ಬ್ಯಾಡ ಅಂದ್ನಾ?" ಎಂದಳು ಅಜ್ಜಿ.

ಮಗನ ಮುಖಕ್ಕೆ ಇಲ್ಲ ಎನ್ನುವ ಹೆಂಗಸಲ್ಲ ಅವಳು. ಇಲ್ಲ ಅಂದರೆ ಊರು ಆಡಿಕೊಳ್ಳುತ್ತದೆ. ಜಾಗವೇ ಇಲ್ಲದಿದ್ದರೆ ಮಾತ್ರ ಯಾರೂ ಏನೂ ಅನ್ನುವಂತಿಲ್ಲ. ಅಡುಗೆಮನೆಗೆ ಬಂದವಳು ಅಮ್ಮನ ಹತ್ತಿರ ಹೇಳಿದ್ದು ನನಗೆ ಕೇಳಿಸಿತು. "ಇವತ್ತ್ ಚಾಪಿ ಹಾಸ್ತ್, ನಾಳಿಗೆ ಮಂಚ ಕೇಣ್ತ್, ನಾಡ್ದ್ ಗದ್ದಿ ಕೇಣ್ತ್. ನಿನ್ನ ಮಗ್ಳಿಗೆ ಎಂತ ಉಳಿತ್ತ್?" ಅಮ್ಮ ಬಂಗುಡೆ ಕೊಯ್ಯುತ್ತಿದ್ದವಳು ತಲೆ ಎತ್ತಲಿಲ್ಲ. ಬೇಡದ ಮಾತು ಬಂದಾಗಲೆಲ್ಲ ನಮ್ಮಮ್ಮನ ಕಿವಿ ಮಂದವಾಗುತ್ತಿತ್ತು.

ವಾರ ಕಳೆಯುವುದರೊಳಗೆ ಅಜ್ಜಿ ಆಚಾರಿಯನ್ನು ಕರೆಸಿದಳು. ನಮ್ಮ ನಡುಮನೆಯಲ್ಲಿ ಒಂದು ಪತ್ತಾಯ ಇತ್ತು, ವರ್ಷದ ಅಕ್ಕಿ ತುಂಬಿಡುವ ದೊಡ್ಡ ಮರದ ಪೆಟ್ಟಿಗೆ. ನಾಲ್ಕು ಜನ ಹಿಡಿದರೂ ಅಲುಗದು. ಅಜ್ಜಿ ಮದುವೆಯಾಗುವ ಮೊದಲಿಂದಲೂ ಅದು ಅಲ್ಲೇ ಕೂತದ್ದು. ಅಕ್ಕಿಯನ್ನೆಲ್ಲ ಹೊರಗೆ ಸುರಿಸಿ, ಹಲಗೆಗಳನ್ನು ಒಂದೊಂದಾಗಿ ಕಳಚಿಸಿ, ನನ್ನ ಕೋಣೆಯ ಕಿಟಕಿಯ ಕೆಳಗೆ ಮತ್ತೆ ಜೋಡಿಸಲು ಹೇಳಿದಳು.

"ಅಮ್ಮಾ, ಇದ್ನ ಇಲ್ಲ್ ಹಾಕಿರೆ ಮಕ್ಳಿಗೆ ಕಾಲ್ ಇಡೂಕೂ ಜಾಗ ಇಲ್ಲೆ" ಎಂದರು ಆಚಾರಿ.

"ಕಾಲ್ ಇಡೂದ್ ಎಂತಕೆ ಆಚಾರ್ರೇ? ಮನಿಕಂಬು ಕೋಣಿ ಅಲ್ದಾ ಅದ್? ನಡುಮನಿಯಗೆ ಒರ್ಲಿ ಆಯಿತ್."

ನಡುಮನೆಯಲ್ಲಿ ಗೆದ್ದಲು ಇರಲಿಲ್ಲ. ಇದ್ದದ್ದು ಅಜ್ಜಿ.

ಶಾಲೆಯಿಂದ ಬಂದು ನೋಡಿದರೆ ಕೋಣೆಯ ಅರ್ಧ ಪಾಲು ಪತ್ತಾಯ, ಉಳಿದದ್ದು ನನ್ನ ಮಂಚ. ನಡುವೆ ಅಡ್ಡಡ್ಡ ನಡೆದು ಹೋಗಬೇಕು. ಮಾವ ಬಾಗಿಲಲ್ಲಿ ನಿಂತು ನೋಡಿ, ಗಂಟಲು ಸರಿ ಮಾಡಿಕೊಂಡು ಗದ್ದೆಗೆ ಹೋದರು. ಮಾವ ಯಾವತ್ತೂ ಗಂಟಲು ಸರಿ ಮಾಡಿಕೊಳ್ಳುವವರೇ ಹೊರತು ಮಾತಾಡಿದವರಲ್ಲ. ಅವರ ಮಗಳು ಮಾತ್ರ ಚಾಪೆಯನ್ನು ಪತ್ತಾಯದ ಮೇಲೆ ಎಸೆದು ಒಂದೇ ನೆಗೆತಕ್ಕೆ ಹತ್ತಿ ಕೂತಳು.

"ಇದೇ ಲಾಯ್ಕ್ ಹೆಣೆ! ಮಳಿಗಾಲ ಅಲ್ದಾ, ನೆಲ ಥಂಡಿ. ಅಜ್ಜಿ ನಂಗೆ ನಿಂದಕ್ಕಿಂತ ದೊಡ್ಡ ಮಂಚವೇ ಕೊಟ್ರ್ ಕಾಣ್" ಎಂದಳು. ನಾವಿಬ್ಬರೂ ಚಾವಡಿಗೆ ಕೇಳುವಷ್ಟು ಜೋರಾಗಿ ನಕ್ಕೆವು. ಅಷ್ಟು ನಗಬಾರದಿತ್ತು ಎಂದು ಆಮೇಲೆ ಗೊತ್ತಾಯಿತು.

ಮರುವಾರ ಆಚಾರಿ ಮತ್ತೆ ಬಂದರು. ಪತ್ತಾಯದ ಮುಚ್ಚಳದ ನಟ್ಟನಡುವೆ ಕಬ್ಬಿಣದ ಕೊಂಡಿ ಬಡಿದು, ಅದಕ್ಕೆ ಮುಷ್ಟಿಗಾತ್ರದ ಬೀಗ ಜಡಿದು ಹೋದರು. "ಹೊರ್ಗಿನರ್ ಇಪ್ಪು ಮನಿ ಇದ್. ಅಕ್ಕಿಗೆ ಬೀಗ ಬ್ಯಾಡ್ದಾ?" ಎಂದು ಅಜ್ಜಿ ಅಂಗಳದಲ್ಲಿ ನಿಂತು, ಕೆಲಸದವರಿಗೂ ಕೇಳುವ ಹಾಗೆ ಹೇಳಿದಳು. ಹೊರಗಿನವರು ಅಂದರೆ ಅವಳ ಮೊಮ್ಮಗಳು. ಊಟಕ್ಕೆ ಕೂತಾಗಲೂ ಅವಳನ್ನು ಹೆಸರು ಹಿಡಿದು ಕರೆದದ್ದಿಲ್ಲ. "ನೆಂಟ್ರ ಹೆಣ್ಣಿಗೆ ಅನ್ನ ಹಾಕ್" ಎಂದು ಅಮ್ಮನಿಗೆ ಹೇಳುವುದು, ದಿನಕ್ಕೆರಡು ಸಲ, ನಗುನಗುತ್ತಲೇ.

ಬೀಗವನ್ನು ನಡುವಿಟ್ಟುಕೊಂಡು ಮಲಗುವುದೆಂದರೆ ಒಂದೋ ಗೋಡೆಗೆ ಅಂಟಬೇಕು, ಇಲ್ಲವೇ ಅಂಚಿನಿಂದ ಬೀಳಬೇಕು. ಒಂದು ಬೆಳಿಗ್ಗೆ ಬಾವಿಕಟ್ಟೆಯಲ್ಲಿ ನೀರು ಹೊಯ್ದುಕೊಳ್ಳುವಾಗ ನೋಡಿದೆ. ಅವಳ ಪಕ್ಕೆಯ ಮೇಲೆ ನೇರಳೆಹಣ್ಣಿನ ಬಣ್ಣದ ಕಲೆಗಳು, ಹಳೆಯದರ ಮೇಲೆ ಹೊಸತು.

"ಅಪ್ಪಯ್ಯಂಗ್ ಹೇಳ್" ಎಂದೆ.

"ಹೇಳಿರೆ ಅಪ್ಪಯ್ಯ ನನ್ನ ಮನಿಗೆ ಕರ್ಕಂಡ್ ಹೋತ್ರ್. ಅಲ್ಲಿಗೆ ಶಾಲಿ ಮುಗೀತ್. ನೀನೂ ಹೇಳೂಕಾಗ" ಎಂದು ನನ್ನ ಕೈ ಹಿಡಿದು ಆಣೆ ಹಾಕಿಸಿಕೊಂಡಳು.

ಹೇಳಲಿಲ್ಲ. ಅವಳನ್ನು ನನ್ನ ಮಂಚಕ್ಕೆ ಎಳೆದುಕೊಂಡೆ. ಒಬ್ಬಳಿಗೆಂದು ಮಾಡಿದ ಮಂಚದಲ್ಲಿ ಎರಡು ತಲೆ ಒಂದೇ ಕಡೆ ಹಿಡಿಯುವುದಿಲ್ಲ. ಹಾಗಾಗಿ ನಾನು ತೆಂಕಕ್ಕೆ ತಲೆ ಹಾಕಿದರೆ ಅವಳು ಬಡಗಕ್ಕೆ ಹಾಕಿದಳು, ನನ್ನ ಕಾಲು ಅವಳ ಕಂಕುಳಲ್ಲಿ, ಅವಳದು ನನ್ನ ಕಂಕುಳಲ್ಲಿ. ಹಾಗೆ ಮಲಗಿದ ದಿನಗಳಷ್ಟು ಸುಖವಾಗಿ ನಾನು ಆ ಕೋಣೆಯಲ್ಲಿ ಯಾವತ್ತೂ ಮಲಗಿದ್ದಿಲ್ಲ. ಆದರೆ ಬಡಗಕ್ಕೆ ತಲೆ ಹಾಕಿ ಮಲಗುವುದು ನಮ್ಮಲ್ಲಿ ಸುತರಾಂ ಆಗದು. ಹುಡುಗಿಯರಿಬ್ಬರಿಗೆ ಅದು ಹೊಳೆಯಲೇ ಇಲ್ಲ. ಒಂದು ಬೆಳಿಗ್ಗೆ ನಮ್ಮನ್ನು ಎಬ್ಬಿಸಲು ಬಂದ ಅಜ್ಜಿಗೆ ಹೊಳೆಯಿತು.

ಕೂಗಾಡಲಿಲ್ಲ ಅವಳು. ಮಧ್ಯಾಹ್ನ ಮಾವ ಊಟಕ್ಕೆ ಕೂತಾಗ ಎದುರಿಗೆ ಬಂದು ಕೂತಳು. "ನಿನ್ನ ಮಗ್ಳ್ ಬಡ್ಗ್ ತಲಿ ಹಾಕಿ ಮನಿಕಂತ್. ಯಜಮಾನನ್ ಆಯಸ್ಸಿಗೆ ಬಪ್ದ್ ಅದ್. ನಂಗೆಂತ, ನಾ ಇವತ್ತೋ ನಾಳಿಯೋ ಹೋಪಳ್. ನಿನ್ನ ಜೀವ ನೀನ್ ಕಾಣ್" ಎಂದಳು. ಮಾವನ ಕೈ ತಟ್ಟೆಯಲ್ಲೇ ನಿಂತಿತು. ಹೆತ್ತ ಮಗಳಿಂದ ತನಗೆ ಕೆಡುಕು ಎಂದು ತಾಯಿ ಹೇಳಿದರೆ ನಂಬುವ ಗಂಡಸರೂ ಇರುತ್ತಾರೆ. ನಮ್ಮ ಮಾವ ನಂಬಿದರು.

ದಾರಿ ಹುಡುಕಿದವಳು ಮಾವನ ಮಗಳೇ. ಮಂಚವನ್ನು ತಿರುಗಿಸಿ ಮೂಡು ಪಡುವಾಗಿ ಹಾಕಿದರೆ ಒಬ್ಬರ ತಲೆ ಮೂಡಕ್ಕೆ, ಒಬ್ಬರದು ಪಡುವಕ್ಕೆ, ಯಾರಿಗೂ ದೋಷವಿಲ್ಲ. ನಾವಿಬ್ಬರೂ ಗೇಣು ಹಾಕಿ ಅಳೆದೆವು. ಪತ್ತಾಯದಿಂದಾಗಿ ಬರೀ ಒಂದು ಗೇಣು ಕಡಿಮೆ ಬಿತ್ತು. ಮಂಚದ ಉದ್ದದಲ್ಲಿ ಒಂದು ಗೇಣು ತೆಗೆಸಿದರೆ ಸರಿಯಾಗಿ ಕೂರುತ್ತದೆ, ನಾವೇನು ಎತ್ತರದ ಹುಡುಗಿಯರಲ್ಲ. ಅವಳು ಓಡಿ ಹೋಗಿ ತಂದೆಗೆ ಹೇಳಿದಳು. ಮಾವನ ಮುಖ ಎಷ್ಟೋ ದಿನದ ಮೇಲೆ ಅರಳಿತು. "ಅಷ್ಟೇ ಅಲ್ದಾ? ನಾಳಿಗೆ ಆಚಾರ್ರಿಗೆ ಬಪ್ಪುಕೆ ಹೇಳ್ತೆ" ಎಂದರು. ಅಜ್ಜಿಯೂ ಒಪ್ಪಿದಳು. "ಹೇಳ್ ಮಗಾ. ನಾನೇ ಎದ್ರಿಗೆ ನಿಂತ್ ಮಾಡಿಸ್ತೆ."

ಮಾರನೆಯ ದಿನ ಶಾಲೆಗೆ ಹೋಗುವಾಗ ಅವಳ ಬಾಯಿಗೆ ಬಿಡುವಿರಲಿಲ್ಲ. ಎಸ್ಸೆಸ್ಸೆಲ್ಸಿ ಮುಗಿಸುವುದು, ಟೀಚರ್ ಟ್ರೈನಿಂಗಿಗೆ ಹೋಗುವುದು, ತನ್ನ ಊರಿನ ಶಾಲೆಗೇ ಬಂದು ಹಳೆಯ ಮಾಸ್ತರ ಕುರ್ಚಿಯಲ್ಲಿ ಕೂರುವುದು. ದಾರಿ ಮುಗಿಯುವುದರೊಳಗೆ ಅವಳಿಗೆ ಪೆನ್ಶನ್ ಒಂದು ಬರುವುದು ಬಾಕಿ. "ಮಾಸ್ತರ್ ಕುರ್ಚಿಯಗೆ ತಿಗಣಿ ಇತ್ತ್, ಮೊದ್ಲ್ ಅದ್ನ ಬಿಸ್ಲಿಗೆ ಹಾಕ್ಕ್" ಎಂದು ಅವಳೇ ಹೇಳಿ ಅವಳೇ ನಕ್ಕಳು.

ಸಂಜೆ ಬಂದಾಗ ಮಂಚ ಅಂಗಳದಲ್ಲಿ ಬೋರಲು ಬಿದ್ದಿತ್ತು. ಆಚಾರಿ ಗರಗಸ ಎಳೆಯುತ್ತಿದ್ದರು. ಮಾವ ಕುಕ್ಕರಗಾಲಲ್ಲಿ ಕೂತು ಮಂಚ ಅಲುಗದಂತೆ ಇನ್ನೊಂದು ತುದಿಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದಿದ್ದರು. ಅಜ್ಜಿ ಜಗಲಿಯಲ್ಲಿ ಕೂತು ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದಳು. ನಾನು ದಡ್ಡಿ, ಕೆಲಸ ಆಗುತ್ತಿದೆಯಲ್ಲ ಎಂದು ಹಿಗ್ಗಿದೆ. ಅವಳು ನಡೆಯುತ್ತಿದ್ದವಳು ನಿಂತಳು. ಗರಗಸ ಹತ್ತಿದ್ದು ಉದ್ದದ ಪಟ್ಟಿಗಲ್ಲ, ತಲೆಯ ಕಡೆಯ ಅಡ್ಡಪಟ್ಟಿಗೆ.

"ಅಪ್ಪಯ್ಯ, ಅದ್ ಉದ್ದ ಅಲ್ಲ. ನೀವ್ ಅಗಲ ಕೊಯ್ತಾ ಇದ್ರಿ" ಎಂದಳು.

ಆಚಾರಿಯ ಕೈ ನಿಂತಿತು. ಮಾವ ತಲೆ ಎತ್ತಲಿಲ್ಲ. ಮರದ ಮೇಲೇ ಕಣ್ಣಿಟ್ಟು, "ಅಜ್ಜಿ ಹೇಳಿರ್ ಮಗಾ. ಒಬ್ರ್ ಮನಿಕಂಬು ಮಂಚ ಒಬ್ರಿಗೆ ಸಾಕಂಬ್ರ್" ಎಂದರು.

"ನಿಲ್ಸೂದ್ ಬ್ಯಾಡ ಆಚಾರ್ರೇ, ಕತ್ಲಿ ಆತ್" ಎಂದಳು ಅಜ್ಜಿ.

ಗರಗಸ ಮತ್ತೆ ಶುರುವಾಯಿತು. ಅವಳು ಒಳಗೆ ಹೋಗಿ ಚಾಪೆ ಸುತ್ತಿಕೊಂಡು, ಬಟ್ಟೆಚೀಲ ಹಿಡಿದು ಬಂದಳು. ಅತ್ತಿರಲಿಲ್ಲ. ಜಗಲಿಯ ಹತ್ತಿರ ಬಂದು, "ನಾ ಬತ್ತೆ ಅಜ್ಜಿ" ಎಂದಳು.

"ಹೊರ್ಟ್ಯಾ ಮಗಾ? ಒಂದ್ ಗ್ಲಾಸ್ ಚಾ ಕುಡ್ಕಂಡ್ ಹೋಗ್. ಬರಿ ಬಾಯಗೆ ಹೋಪುಕಾಗ" ಎಂದಳು ಅಜ್ಜಿ. ಅಷ್ಟು ದಿನದಲ್ಲಿ ಅವಳನ್ನು ಮಗಾ ಎಂದು ಕರೆದದ್ದು ಅದೇ ಮೊದಲು. ಅಮ್ಮ ಚಾ ತಂದು ಕೊಟ್ಟಳು, ಕೈ ನಡುಗುತ್ತಿತ್ತು. ನಡುಗಿದ್ದಕ್ಕೆ ನಾನು ಅಮ್ಮನನ್ನು ಕ್ಷಮಿಸಿಲ್ಲ, ಬಾಯಿ ತೆರೆಯಬೇಕಾದ ಹೊತ್ತಿನಲ್ಲಿ ಕೈ ನಡುಗಿ ಏನು ಪ್ರಯೋಜನ? ಅವಳು ಅಂಗಳದಲ್ಲೇ ನಿಂತು ಚಾ ಪೂರ್ತಿ ಕುಡಿದು, ಗ್ಲಾಸನ್ನು ತಾನೇ ತೊಳೆದು ಜಗಲಿಯ ಮೇಲೆ ಕವುಚಿಟ್ಟಳು.

ನಾನು ಅವಳ ಲಂಗ ಹಿಡಿದುಕೊಂಡೆ. ಅವಳು ನನ್ನ ಬೆರಳು ಬಿಡಿಸಿದಳು. ಆಮೇಲೆ ಅವಳು ಹೈಸ್ಕೂಲಿನ ಮೆಟ್ಟಿಲು ಹತ್ತಲಿಲ್ಲ, ಯಾವ ಕುರ್ಚಿಯಲ್ಲೂ ಕೂರಲಿಲ್ಲ. ಅಜ್ಜಿಯನ್ನು ನಾನು ಇವತ್ತಿಗೂ ಬೈಯುತ್ತೇನೆ, ಬಾಯಿ ತುಂಬಾ ಬೈಯುತ್ತೇನೆ. ಮಾವನ ವಿಷಯ ಬಂದರೆ ಬೈಗುಳವೂ ಬರುವುದಿಲ್ಲ.

ಅವಳು ತೋಟದ ಬೇಲಿಯ ದಣಪೆ ದಾಟುವಾಗ ಮಾವ ಕೈ ಬಿಟ್ಟು ಎದ್ದು ನಿಂತರು. "ಬಸ್ಸಿಗೆ ಹತ್ಸಿ ಬತ್ತೆ ಅಬ್ಬಿ" ಎಂದರು.

"ಇನ್ನೊಂದ್ ಬದಿ ಬಾಕಿ ಇತ್ತಲ್ದಾ ಮಗಾ? ಆಚಾರ್ರ್ ಒಬ್ರೇ ಹ್ಯಾಂಗೆ ಕೊಯ್ತ್ರ್?"

ಮಾವ ಗಂಟಲು ಸರಿ ಮಾಡಿಕೊಂಡರು. ಅವಳು ಆಗಲೇ ರಸ್ತೆಗೆ ಇಳಿದಿದ್ದಳು, ಒಮ್ಮೆ ತಿರುಗಿ ನೋಡಿದಳು. ಮಾವ ಅಷ್ಟರಲ್ಲಿ ಕೂತು ಮಂಚದ ಆಚೆ ತುದಿ ಹಿಡಿದಿದ್ದರು.